ಹದಿನಾರನೆಯ ನಟ್ಟು

ಮನೋಹರನ ಕಾರಿನ ಚಕ್ರಗಳಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಅವು ಅವನ ಮಾವನ ಕಣ್ಣಿಗೆ ಬಿದ್ದ ಮೇಲೆ.

ಮಾವ ಮುನಿರಾಮಯ್ಯ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ಕನಕಪುರದಲ್ಲಿ ನಿವೃತ್ತರಾಗಿ ಕೂತವರು. ರಸ್ತೆಯಲ್ಲಿ ಒಂದು ಕೋಳಿಗೂ ಬಸ್ಸು ತಾಗಿಸಿದವರಲ್ಲ. ಅವರ ಮಗಳು ಅಮೂಲ್ಯ ಹೆರಿಗೆಗೆಂದು ತವರಿಗೆ ಬಂದು, ಹೆಣ್ಣುಮಗು ಹೆತ್ತು, ಬಾಣಂತನ ಮುಗಿಸಿ, ಗಂಡನ ಮನೆಗೆ ಹೊರಡಲು ಬ್ಯಾಗು ತುಂಬಿಕೊಂಡು ಕೂತಿದ್ದಳು. ಮಗುವಿಗೆ ಮೂರು ತಿಂಗಳು ತುಂಬಿದಾಗ ಮನೋಹರ ಚನ್ನಪಟ್ಟಣದಿಂದ ಕಾರು ತಂದ. ಮುನಿರಾಮಯ್ಯ ಕಾರನ್ನು ಒಂದು ಸುತ್ತು ಬಂದು, ಟೈರು ಸವೆದಿದೆ ಎಂದರು. ಅವನು ಟೈರು ಬದಲಾಯಿಸಿಕೊಂಡು ಹೋದ. ಬ್ಯಾಟರಿ ಹಳೆಯದು ಎಂದರು. ಬ್ಯಾಟರಿ ಬದಲಾಯಿಸಿಕೊಂಡು ಹೋದ. ಮೂರನೆಯ ಸಲ ಬಗ್ಗಿ ಚಕ್ರದೊಳಗೆ ಇಣುಕಿ, "ರಿಮ್ಮೆಲ್ಲ ತುಕ್ಕು ಹಿಡ್ದೈತೆ ಅಳಿಯಂದ್ರೆ. ನಾವಾದ್ರೆ ಹೆಂಗೋ ಆಯ್ತದೆ, ಹಸುಗೂಸು ಕೂರೋ ಗಾಡಿ," ಎಂದರು. ಅಷ್ಟರಲ್ಲಿ ಮಗುವಿಗೆ ಐದು ತಿಂಗಳಾಗಿತ್ತು. ಮನೋಹರ ಮಗಳ ಮುಖವನ್ನು ಫೋನಿನಲ್ಲಿ ನೋಡಿಕೊಂಡು, ತಾನೇ ಮಾಡಿದ ಉಪ್ಪಿಟ್ಟು ತಿಂದುಕೊಂಡು ಬದುಕುತ್ತಿದ್ದ.

ಈ ಭಾನುವಾರ ಕಡೆಯ ಅವಕಾಶ. ಸೋಮವಾರ ಅಮಾವಾಸ್ಯೆ, ಮಂಗಳವಾರದಿಂದ ಆಷಾಢ. ಆಷಾಢದಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಭಾನುವಾರವೂ ನಾಲ್ಕೂವರೆಗೆ ರಾಹುಕಾಲ ಹಿಡಿದರೆ ಆರಕ್ಕೆ ಬಿಡುವುದು, ಅಷ್ಟು ಹೊತ್ತಿಗೆ ದೀಪ ಹಚ್ಚುವ ಸಮಯ, ದೀಪ ಹಚ್ಚಿದ ಮೇಲೆ ಮನೆಮಗಳನ್ನು ಹೊರಗೆ ಕಳಿಸುವಂತಿಲ್ಲ. ಅಂದರೆ ನಾಲ್ಕೂವರೆಯೊಳಗೆ ಅಮೂಲ್ಯ ಮಗುವಿನೊಂದಿಗೆ ತವರಿನ ಹೊಸಿಲು ದಾಟಬೇಕು. ಇಲ್ಲವಾದರೆ ಶ್ರಾವಣದ ತನಕ ಉಪ್ಪಿಟ್ಟು.

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬನಿಂದ ಮನೋಹರ ಥಳಥಳಿಸುವ ನಾಲ್ಕು ಅಲಾಯ್ ಚಕ್ರ ತಂದಿದ್ದ. ಭಾನುವಾರ ಬೆಳಿಗ್ಗೆ ಏಳಕ್ಕೇ ಅವನ್ನು ಕಾರಿನಲ್ಲಿ ಹೇರಿಕೊಂಡು ಚನ್ನಪಟ್ಟಣದ ಹೆದ್ದಾರಿ ಪಕ್ಕದ ಅಕ್ಬರಿ ಬೇಗಂ ಅವರ ಚಕ್ರದಂಗಡಿ ಮುಂದೆ ನಿಂತ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಆಕೆಯೇ ನಡೆಸುತ್ತಿದ್ದರು, ಊರಿನಲ್ಲಿ ಅವರಷ್ಟು ನಾಜೂಕಾಗಿ ಚಕ್ರ ಕೂರಿಸುವವರು ಇರಲಿಲ್ಲ. ಬೇಗಂ ಹೊಸ ಚಕ್ರವನ್ನು ಒಂದು ಸಲ ಹಿಡಿದು ನೋಡಿ ತಲೆಯಾಡಿಸಿದರು.

"ಇದು ದಪ್ಪ ಭಯ್ಯಾ. ನಿಮ್ಮ ಸ್ಟಡ್ಡು ಗಿಡ್ಡ. ನಟ್ಟು ಮೂರು ಸುತ್ತಿಗೇ ನಿಲ್ಲುತ್ತೆ. ಹಾಗೇ ಕನಕಪುರಕ್ಕೆ ಹೊರಟ್ರೆ ಚಕ್ರ ನಿಮಗಿಂತ ಮುಂಚೆ ಸಾತನೂರು ಸೇರುತ್ತೆ."

ಸ್ಟಡ್ಡು ಅಂದರೆ ಕಾರಿನಿಂದ ಹೊರಗೆ ಚಾಚಿ ಚಕ್ರವನ್ನು ಹಿಡಿದುಕೊಳ್ಳುವ ಬೆರಳುದ್ದದ ಉಕ್ಕಿನ ಮೊಳೆ. ಚಕ್ರಕ್ಕೆ ನಾಲ್ಕರಂತೆ ಹದಿನಾರು. ಬೇಗಂ ಹಳೆಯದನ್ನೆಲ್ಲ ಸುತ್ತಿಗೆಯಲ್ಲಿ ಹಿಂದಕ್ಕೆ ಹೊಡೆದು ತೆಗೆದರು, ಉದ್ದದ ಹೊಸ ಸ್ಟಡ್ಡುಗಳನ್ನು ಒಂದೊಂದಾಗಿ ಎಳೆದು ಕೂರಿಸಿದರು, ಚಕ್ರ ಹಾಕಿ ಮೀಟರು ಇರುವ ಸ್ಪ್ಯಾನರಿನಲ್ಲಿ ಎದುರುಬದುರಾಗಿ ಬಿಗಿದರು. ಕಡೆಗೆ ಪ್ರತಿ ನಟ್ಟಿಗೂ ಸ್ಟಡ್ಡಿನ ತುದಿಗೂ ಸೇರಿಸಿ ಹಳದಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದರು. ನಟ್ಟು ಸ್ವಲ್ಪ ಅಲುಗಿದರೂ ಗೆರೆ ತುಂಡಾಗಿ ಗೊತ್ತಾಗಲಿ ಎಂದು.

"ಹೊಸ ಸ್ಟಡ್ಡು, ಕೂತ್ಕೊಳ್ಳೋಕೆ ಸ್ವಲ್ಪ ಟೈಮ್ ತಗೊಳ್ಳುತ್ತೆ. ಐವತ್ತು ಕಿಲೋಮೀಟರ್ ಆದ್ಮೇಲೆ ಬಂದು ಒಂದ್ಸಲ ಬಿಗಿ ಮಾಡಿಸಿ. ಅಲ್ಲೀತನಕ ಬೇರೆ ಯಾರೂ ನಟ್ಟು ಮುಟ್ಟಬಾರದು. ಇವತ್ತು ಎರಡು ಗಂಟೆಗೆ ಅಂಗಡಿ ಮುಚ್ತೀನಿ, ನೆಂಟರ ಮದುವೆ ಇದೆ," ಎಂದರು ಬೇಗಂ.

ಆಗ ಒಂಬತ್ತು ಗಂಟೆ. ಮನೋಹರ ಕಾರಿನ ಮೀಟರನ್ನು ಸೊನ್ನೆಗೆ ತಿರುಗಿಸಿದ. ಅಷ್ಟಕ್ಕೆ ಸುಮ್ಮನೆ ಕನಕಪುರದ ದಾರಿ ಹಿಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಖುಷಿ ತಡೆಯಲಾರದೆ ಚಕ್ರಗಳ ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಎರಡೇ ನಿಮಿಷದಲ್ಲಿ ಫೋನು ಬಂತು. ಮಾತಾಡಿದ್ದು ಹೆಂಡತಿಯಲ್ಲ, ಮಾವ.

"ಸ್ಟಡ್ಡು ಹೊಸದಾ ಅಳಿಯಂದ್ರೆ?"

"ಹದಿನಾರೂ ಹೊಸದು ಮಾವ. ಐವತ್ತು ಕಿಲೋಮೀಟರ್ ಆದ್ಮೇಲೆ ಒಂದ್ಸಲ ಬಿಗಿ ಮಾಡಿಸ್ಬೇಕಂತೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಹಂಗಾದ್ರೆ ಐವತ್ತು ಓಡ್ಸಿ, ಬಿಗಿ ಮಾಡುಸ್ಕೊಂಡು, ಆಮ್ಯಾಕೆ ತನ್ನಿ. ಅಲ್ಲೀಗಂಟ ಆ ಗಾಡೀಲಿ ನನ್ನ ಮೊಮ್ಮಗಳನ್ನ ಕೂರ್ಸಕಿಲ್ಲ."

ಮನೋಹರ ಲೆಕ್ಕ ಹಾಕಿದ. ಇಲ್ಲೇ ಐವತ್ತು ಓಡಿಸಲು ಹೆಚ್ಚೆಂದರೆ ಒಂದೂವರೆ ಗಂಟೆ. ಹತ್ತೂವರೆಗೆ ಬೇಗಂ ಅಂಗಡಿ. ಕನಕಪುರಕ್ಕೆ ನಲವತ್ತು ಕಿಲೋಮೀಟರು, ಮಧ್ಯಾಹ್ನದ ಊಟಕ್ಕೆ ಅಲ್ಲಿ. ನಾಲ್ಕೂವರೆ ಎಲ್ಲೋ ದೂರದಲ್ಲಿತ್ತು. ಹಳೆಯ ಚಕ್ರಗಳನ್ನು ಮನೆಯಲ್ಲಿಳಿಸಿ ಹೊರಡೋಣವೆಂದು ಬೀದಿಗೆ ತಿರುಗಿದ.

ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದಳು. ಎಪ್ಪತ್ತರ ಮುದುಕಿ, ಬೀದಿಯಲ್ಲಿ ಅವಳಿಗೆ ಲೆಕ್ಕ ಕೊಡದೆ ಯಾರೂ ಮುಂದಕ್ಕೆ ಹೋಗುವಂತಿಲ್ಲ.

"ಎಲ್ಲಿಗ್ ಹೊಂಟೆ ಮಗ?"

"ಎಲ್ಲಿಗೂ ಇಲ್ಲ ಅಜ್ಜಿ. ಸುಮ್ನೆ ಐವತ್ತು ಕಿಲೋಮೀಟರ್ ಗಾಡಿ ಓಡಿಸ್ಬೇಕು."

ಇಂಥ ಮಾತನ್ನು ಚನ್ನಪಟ್ಟಣದಲ್ಲಿ ಯಾರೂ ಬೀದಿಯಲ್ಲಿ ನಿಂತು ಆಡಬಾರದು. ದೊಡ್ಡಲಕ್ಷ್ಮಮ್ಮ ಮೊರವನ್ನು ಪಕ್ಕಕ್ಕಿಟ್ಟಳು.

"ಹೆಂಗೂ ಸುಮ್ನೆ ಓಡುಸ್ಬೇಕಲ್ಲ, ನನ್ನ ದೊಡ್ಡಮಳೂರಿಗೆ ಒಸಿ ಕರ್ಕೊಂಡೋಗು. ಅಪ್ರಮೇಯ ಸ್ವಾಮಿಗೆ ಕೈ ಮುಗ್ದು ತಿಂಗ್ಳಾಗೈತೆ."

ಎದುರುಮನೆಯ ಬಾಗಿಲಿನಿಂದ ಬೋರಲಿಂಗಯ್ಯನ ತಲೆ ಹೊರಬಂತು. ನಲವತ್ತು ವರ್ಷ ಮರದ ಗೊಂಬೆ ಕಡೆದ ಕೈ ಅವನದು. ಕಡೆದದ್ದು ಕುದುರೆ, ಬುಗುರಿ; ಆದರೆ ಪ್ರಪಂಚದ ಎಲ್ಲ ಯಂತ್ರವೂ ತನ್ನ ಕೈಗೆ ಬಗ್ಗುತ್ತದೆಂದು ನಂಬಿದ್ದ. "ಮಳೂರಿಗ್ ಹೋಗಿ ಹಂಗೇ ರಾಮನಗರಕ್ ಹೊಡೀಲಾ. ಅಂಗಡಿಯೋರು ಕುದ್ರೆ ಕೇಳವ್ರೆ. ಹೆಂಗೂ ಸುಮ್ನೆ ಓಡುಸ್ತೀಯಲ್ಲ," ಎಂದು, ಮೊಣಕಾಲೆತ್ತರದ ಕೆಂಪು ಕುದುರೆಯನ್ನು ತಂದು ಹಿಂದಿನ ಸೀಟಿನಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕೂತೇಬಿಟ್ಟ.

ಮನೋಹರನಿಗೆ ಇಲ್ಲ ಎನ್ನುವ ಅಭ್ಯಾಸವಿರಲಿಲ್ಲ. ಅಲ್ಲದೆ ಕಿಲೋಮೀಟರು ಹೇಗಾದರೂ ಆಗಬೇಕಿತ್ತು. ಅವನಿಗೆ ಹೊಳೆಯದೆ ಹೋದದ್ದು ಇಷ್ಟೇ: ದೊಡ್ಡಮಳೂರಿಗೆ ಮೂರೇ ಕಿಲೋಮೀಟರು, ಆದರೆ ಭಾನುವಾರದ ದರ್ಶನದ ಸಾಲು ಒಂದು ಗಂಟೆಯದು.

ಅವನು ಸಾಲಿನಲ್ಲಿ ಅಜ್ಜಿಯ ಕೈಹಿಡಿದು ನಿಂತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ಅಮೂಲ್ಯ ಫೋನು ಮಾಡಿ "ಎಷ್ಟಾಯ್ತು?" ಎಂದಳು.

"ಮೂರು."

"ಗಂಟೆನಾ?"

"ಕಿಲೋಮೀಟರ್."

ಅಮೂಲ್ಯ ಫೋನಿಟ್ಟಳು.

ಹೊರಗೆ ಬಂದ ಅಜ್ಜಿ ಕಾರಿನ ಚಕ್ರ ನೋಡಿ ನಿಂತುಬಿಟ್ಟಳು. "ಅಯ್ಯೋ, ನಟ್ಟಿಗೆಲ್ಲ ಅರಿಶಿನ ಇಟ್ಟು ಕುಂಕುಮ ಇಡೋದು ಮರ್ತವ್ರಲ್ಲಪ್ಪ. ಅರ್ಧ ಪೂಜೆ ಮಾಡಿ ಬುಡಬಾರ್ದು." ಅದು ಪೇಂಟು ಎಂದು ಮನೋಹರ ಹೇಳುವಷ್ಟರಲ್ಲಿ ಅವಳು ಪ್ರಸಾದದ ಪೊಟ್ಟಣ ಬಿಚ್ಚಿ, ಹದಿನಾರು ನಟ್ಟಿಗೂ ಅರಿಶಿನ ಮೆತ್ತಿ ನಡುವೆ ಕುಂಕುಮ ಇಟ್ಟಳು. ಹಳದಿ ಗೆರೆಗಳು ಹಳದಿಯೊಳಗೇ ಮುಳುಗಿಹೋದವು. ಬೋರಲಿಂಗಯ್ಯ ಕುದುರೆಯ ಕತ್ತು ತಬ್ಬಿಕೊಂಡು ಬಹಳ ಸಾಧುವಾಗಿ ಕೂತಿದ್ದ. ಅವನು ಅಷ್ಟು ಸಾಧುವಾಗಿ ಕೂತದ್ದೇ ಅನುಮಾನ ಹುಟ್ಟಿಸಬೇಕಿತ್ತು, ಮನೋಹರನಿಗೆ ಅನುಮಾನ ಪಡುವಷ್ಟು ಪುರುಸೊತ್ತಿರಲಿಲ್ಲ.

ರಾಮನಗರದಲ್ಲಿ ಕುದುರೆ ಇಳಿಸಲು ಎರಡು ನಿಮಿಷ ಸಾಕಿತ್ತು. ಅಂಗಡಿಯವನು ಕುದುರೆಯ ಬಾಲ ಗಿಡ್ಡ ಎಂದ, ಬೋರಲಿಂಗಯ್ಯ ಕುದುರೆಯ ಬಾಲದ ಶಾಸ್ತ್ರ ಹೇಳಲು ಕೂತ. ಅದು ಮುಗಿದಾಗ ಹನ್ನೆರಡು ಗಂಟೆ. ಚನ್ನಪಟ್ಟಣಕ್ಕೆ ವಾಪಸು ಬಂದಾಗ ಮೀಟರಿನಲ್ಲಿ ಮೂವತ್ತೊಂದು. ಮಿಕ್ಕ ಹತ್ತೊಂಬತ್ತನ್ನು ಮನೋಹರ ಇಬ್ಬರನ್ನೂ ಇಳಿಸದೆ, ಯಾರ ಮಾತಿಗೂ ನಿಲ್ಲಿಸದೆ, ಸಾತನೂರು ರಸ್ತೆಯಲ್ಲಿ ಹೋಗಿ ತಿರುಗಿ ಬಂದು ಮುಗಿಸಿದ. ದಾರಿಯುದ್ದಕ್ಕೂ ಹಿಂದಿನಿಂದ ದೊಡ್ಡಲಕ್ಷ್ಮಮ್ಮ, "ಇಷ್ಟ್ ದೂರ ಬಂದು ಯಾರ ಮನೇಗೂ ಹೋಗ್ದೆ ತಿರುಕ್ಕೊಂಡ್ರೆ ಏನ್ ಚೆಂದ ಮಗ," ಎನ್ನುತ್ತಿದ್ದಳು.

ಬೇಗಂ ಮದುವೆಯ ಸೀರೆಯುಟ್ಟು ಕಾಯುತ್ತಿದ್ದರು. ಬಟ್ಟೆಯಿಂದ ಅರಿಶಿನ ಒರೆಸುತ್ತ ಒಂದೊಂದೇ ನಟ್ಟು ನೋಡಿದರು. ಹದಿನೈದರಲ್ಲಿ ಗೆರೆ ಸರಿಯಾಗಿತ್ತು. ಹಿಂದಿನ ಎಡ ಚಕ್ರದ ಒಂದರಲ್ಲಿ ಮಾತ್ರ ನಟ್ಟಿನ ಗೆರೆ ಒಂದು ಕಡೆ, ಸ್ಟಡ್ಡಿನ ಗೆರೆ ಇನ್ನೊಂದು ಕಡೆ.

"ಇದು ಸಡಿಲ ಆಗಿದ್ದಲ್ಲ. ಯಾರೋ ಇನ್ನೂ ಬಿಗಿ ಮಾಡಿದ್ದಾರೆ."

ಇಬ್ಬರೂ ಕಾರಿನ ಕಿಟಕಿಯ ಕಡೆ ನೋಡಿದರು. ಬೋರಲಿಂಗಯ್ಯ ಕೆಮ್ಮಿದ. "ನೀವು ಗುಡಿಯೊಳಗ್ ಹೋದಾಗ ಒಸಿ ನೋಡ್ದೆ. ಕೈಗೆ ಮೆತ್ತಗನ್ನುಸ್ತು. ಡಿಕ್ಕೀಲಿದ್ದ ಸ್ಪ್ಯಾನರ್ ಇಟ್ಟು ಮ್ಯಾಲೆ ಒಂದ್ಸಲ ನಿಂತ್ಕೊಂಡೆ ಅಷ್ಟೇಯ. ಒಳ್ಳೇದಕ್ಕೇ ಮಾಡಿದ್ದು ಕಣ್ಲಾ."

ಬೇಗಂ ಅದನ್ನು ಬಿಚ್ಚಿ ತೋರಿಸಿದರು. ಸ್ಟಡ್ಡಿನ ತಿರುಪಿನ ಗೆರೆಗಳು ಜಗ್ಗಿಹೋಗಿದ್ದವು. ಅದನ್ನು ಹೊಡೆದು ತೆಗೆದು ಹೊಸದು ಹಾಕಿ, ಉಳಿದ ಹದಿನೈದನ್ನೂ ಬಿಗಿದು, ಎರಡು ಸ್ಟಡ್ಡು ಹೆಚ್ಚಿಗೆ ಪೊಟ್ಟಣ ಕಟ್ಟಿ ಮನೋಹರನ ಕೈಗಿತ್ತರು. "ಇಟ್ಕೊಳ್ಳಿ. ನಿಮ್ಮ ಜನ ನೋಡಿದ್ರೆ ಬೇಕಾಗುತ್ತೆ ಅನ್ಸುತ್ತೆ. ಈ ಹೊಸದನ್ನ ಮಾತ್ರ ಮತ್ತೆ ಐವತ್ತಕ್ಕೆ ಒಂದ್ಸಲ ನೋಡಿಸಿ."

ಸರಿಯಾಗಿ ಆಗಲೇ ಮಾವನ ಫೋನು ಬಂತು. ಮನೋಹರನಿಗೆ ಸುಳ್ಳು ಹೇಳಲು ಬರುತ್ತಿದ್ದರೆ ಅವನ ಜೀವನ ಎಷ್ಟೋ ಸಲೀಸಾಗಿರುತ್ತಿತ್ತು. ನಡೆದದ್ದನ್ನೆಲ್ಲ ಒದರಿದ.

"ಹಂಗಾದ್ರೆ ಮತ್ತೆ ಐವತ್ತು," ಎಂದರು ಮುನಿರಾಮಯ್ಯ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಇಲ್ಲೀಗೆ ನಲವತ್ತು ಆಯ್ತದಲ್ಲ. ಮಿಕ್ಕಿದ್ ಹತ್ತು ನಮ್ಮೂರಲ್ಲೇ ಸುತ್ತಿ. ಬಿಗಿ ನಾನೇ ಮಾಡ್ತೀನಿ, ನನ್ನ ತಾವ ಸ್ಪ್ಯಾನರ್ ಐತೆ," ಎಂದರು.

ಎಷ್ಟಾದರೂ ಹೆಣ್ಣು ಕೊಟ್ಟ ಮಾವ ಎಂದು ಮನೋಹರನ ಮನಸ್ಸು ತುಂಬಿಬಂತು. ಅಜ್ಜಿಯನ್ನೂ ಬೋರಲಿಂಗಯ್ಯನನ್ನೂ ಒಂದು ಆಟೋ ಹತ್ತಿಸಿ, ಮೀಟರನ್ನು ಮತ್ತೆ ಸೊನ್ನೆಗೆ ತಿರುಗಿಸಿ, ಎರಡು ಗಂಟೆಗೆ ಕನಕಪುರದ ದಾರಿ ಹಿಡಿದ. ದಾರಿಯಲ್ಲಿ ಕೈ ಅಡ್ಡ ಹಾಕಿದವರ ಕಡೆ ತಿರುಗಿಯೂ ನೋಡಲಿಲ್ಲ. ಊಟಕ್ಕೂ ನಿಲ್ಲಿಸಲಿಲ್ಲ, ಕಣ್ಣು ರಸ್ತೆಗಿಂತ ಮೀಟರನ್ನೇ ಹೆಚ್ಚು ನೋಡುತ್ತಿತ್ತು. ಮೂರೂ ಕಾಲಿಗೆ ಮಾವನ ಬೀದಿ ತಲುಪಿದಾಗ ಸರಿಯಾಗಿ ನಲವತ್ತು.

ಇನ್ನು ಹತ್ತು. ಮಾವನ ಮನೆ ಮುಂದಿನಿಂದ ಪೇಟೆಯ ಕಡೆ ಹೋಗಿ ಸುತ್ತಿ ಬಂದರೆ ಎರಡು ಕಿಲೋಮೀಟರು. ಮೊದಲ ಸುತ್ತಿನಲ್ಲಿ ಅತ್ತೆ ಕೆಂಚಮ್ಮ ಆರತಿ ತಟ್ಟೆ ಹಿಡಿದು ಗೇಟಿಗೆ ಬಂದರು, ಅಳಿಯ ಕೈಬೀಸಿ ಮುಂದೆ ಹೋದ. ಎರಡನೆಯ ಸುತ್ತಿನಲ್ಲಿ ಅಮೂಲ್ಯ ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದಳು. ಮೂರನೆಯದರಲ್ಲಿ ಆರತಿಯ ಕರ್ಪೂರ ಆರಿಹೋಗಿತ್ತು. ನಾಲ್ಕನೆಯದರಲ್ಲಿ ಇಡೀ ಬೀದಿ ಜಗಲಿಗೆ ಬಂದಿತ್ತು, ಎದುರಿನ ಗ್ಯಾರೇಜಿನ ಬಸವಯ್ಯ ಕೆಲಸ ಬಿಟ್ಟು, "ಅಳಿಯಂದ್ರು ಮುನುಸ್ಕೊಂಡವ್ರಾ?" ಎಂದು ಕೇಳಿದ. ಹೆಂಡತಿ ಮಗು ಇಪ್ಪತ್ತು ಅಡಿ ದೂರದಲ್ಲಿದ್ದಾಗ ನಿಲ್ಲಿಸದೆ ಹೋಗುವುದು ಎಷ್ಟು ಕಷ್ಟವೆಂದು ಮನೋಹರನಿಗೆ ಆ ಐದು ಸುತ್ತಿನಲ್ಲಿ ಗೊತ್ತಾಯಿತು.

ಮೂರೂ ನಲವತ್ತಕ್ಕೆ ಐವತ್ತು ತುಂಬಿತು. ಮುನಿರಾಮಯ್ಯ ಮೊಮ್ಮಗಳನ್ನು ಹೆಂಡತಿಯ ಕೈಗೆ ಕೊಟ್ಟು, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಸ್ಪ್ಯಾನರು ತಂದರು. ಅವಸರವಿಲ್ಲ. ಒಂದು ಚಕ್ರ ಮುಗಿಸಿ ಕಾಫಿ ಕುಡಿದರು. ಎರಡನೆಯದು ಮುಗಿಸಿ ಎಲೆ ಅಡಿಕೆ ಹಾಕಿಕೊಂಡರು. ಪ್ರತಿ ನಟ್ಟಿಗೂ ಸ್ಪ್ಯಾನರಿಟ್ಟು, ಮಲಗಿದ ಮಗುವಿಗೆ ಹೊದಿಸುವವರ ಹಾಗೆ ಮೃದುವಾಗಿ ಒಂದು ಸಲ ಒತ್ತಿ, "ಹ್ಞಾಂ, ಕೂತೈತೆ," ಎನ್ನುತ್ತಿದ್ದರು. ಮನೋಹರ ಅವರ ಸುತ್ತ ಗಡಿಯಾರ ನೋಡಿಕೊಂಡು ಎಡತಾಕುತ್ತಿದ್ದ. ಅಮೂಲ್ಯ ಬ್ಯಾಗುಗಳನ್ನು ತಾನೇ ಡಿಕ್ಕಿಗೆ ತುಂಬಿದಳು.

ಹದಿನೈದು ನಟ್ಟು ಮುಗಿದಾಗ ನಾಲ್ಕು ಗಂಟೆ. ಹದಿನಾರನೆಯದಕ್ಕೆ ಬಂದ ಮುನಿರಾಮಯ್ಯ ಎದ್ದು ಸೊಂಟ ಹಿಡಿದುಕೊಂಡರು, ಬೀದಿಯನ್ನೊಮ್ಮೆ ನೋಡಿದರು, ಹೆಂಡತಿಯ ಹೆಗಲ ಮೇಲಿದ್ದ ಮಗುವನ್ನೊಮ್ಮೆ ನೋಡಿದರು. ಆಮೇಲೆ ಒಳಗೆ ಹೋಗಿ ಮಾರುದ್ದದ ಕಬ್ಬಿಣದ ಪೈಪು ತಂದು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಿ ಮೈಭಾರವನ್ನೆಲ್ಲ ಬಿಟ್ಟರು. ಟಕ್ ಎಂದಿತು. ನಟ್ಟು ಸ್ಟಡ್ಡಿನ ತುದಿಯ ಸಮೇತ ನೆಲಕ್ಕೆ ಬಿತ್ತು.

ಮಾವ ಅದನ್ನೆತ್ತಿ ತಿರುಗಿಸಿ ನೋಡಿದರು.

"ಚೈನಾ ಮಾಲು," ಎಂದರು ಮುನಿರಾಮಯ್ಯ.

ಮನೋಹರನ ಜೇಬಿನಲ್ಲಿ ಬೇಗಂ ಕೊಟ್ಟ ಪೊಟ್ಟಣವಿತ್ತು. ಅವನು ಬಸವಯ್ಯನನ್ನು ಎಳೆದುಕೊಂಡು ಬಂದ, ಬಸವಯ್ಯ ಚಕ್ರ ಬಿಚ್ಚಿ ಮುರಿದದ್ದನ್ನು ಹೊಡೆದು ಹೊಸ ಸ್ಟಡ್ಡು ಕೂರಿಸಿ ನಟ್ಟು ಬಿಗಿದು ಮುಗಿಸಿದಾಗ ನಾಲ್ಕೂ ಇಪ್ಪತ್ತೆರಡು. ಕೆಂಚಮ್ಮ ಹೊಸ ಕರ್ಪೂರ ಹಚ್ಚಿದರು. ಅಮೂಲ್ಯ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಆದರೆ ಮಗು ಆಗಲೇ ಅಜ್ಜನ ಹೆಗಲು ಸೇರಿತ್ತು.

"ಹೊಸಾ ಸ್ಟಡ್ಡು. ಆ ಅಂಗಡಿಯೋರು ಎ‌ಷ್ಟ್ ಕಿಲೋಮೀಟ್ರು ಅಂದಿದ್ರು ಅಳಿಯಂದ್ರೆ?" ಎಂದರು ಮುನಿರಾಮಯ್ಯ.

"ಮಾವ, ಒಂದೇ ಒಂದು."

"ಒಂದಾದ್ರೇನು. ಕೂಸು ಕೂರೋ ಗಾಡಿ."

"ಅವರನ್ನೇ ಕೇಳ್ತೀನಿ," ಎಂದ ಮನೋಹರ. ಬೀದಿಯ ತುದಿಗೆ ಓಡಿ ಬೇಗಂಗೆ ಫೋನು ಮಾಡಿದ. ಮದುವೆಮನೆಯ ಗದ್ದಲದಲ್ಲಿ ಆಕೆ ಹೊರಗೆ ಬಂದು ಮಾತಾಡಲು ಎರಡು ನಿಮಿಷ ಹಿಡಿಯಿತು. ಸ್ಟಡ್ಡು ಮುರಿದು ಹೊಸದು ಹಾಕಿಸಿದ್ದನ್ನು ಅವನು ಹೇಳಿದ.

"ಒಂದೇ ತಾನೆ? ನಿಧಾನಕ್ಕೆ ಬನ್ನಿ. ನಲವತ್ತು ಕಿಲೋಮೀಟರ್ ಅಲ್ವಾ, ಸೀದಾ ಅಂಗಡಿಗೆ ಬನ್ನಿ, ಅಷ್ಟರಲ್ಲಿ ಮದುವೆ ಮುಗಿಸ್ಕೊಂಡು ನಾನೂ ಬಂದಿರ್ತೀನಿ, ನೋಡಿ ಬಿಗಿ ಮಾಡ್ತೀನಿ."

"ಹೆಂಡ್ತಿ ಮಗು ಇರ್ತಾರೆ ಗಾಡೀಲಿ. ಐವತ್ತು ಆಗೋ ತನಕ ಯಾರನ್ನೂ ಕೂರಿಸಬಾರದಲ್ವಾ?"

"ಅದ್ಯಾರು ಹೇಳಿದ್ದು? ಐವತ್ತು ಆದ್ಮೇಲೆ ಬಿಗಿ ಮಾಡಿಸಿ ಅಂದೆ, ಕೂರಿಸಬೇಡಿ ಅಂದ್ನಾ? ಬೆಳಿಗ್ಗೆನೇ ಹೋಗಿ ಕರ್ಕೊಂಡು ಬರಬಹುದಿತ್ತು. ದಾರೀಲಿ ಐವತ್ತಾದಾಗ ಯಾರಾದ್ರೂ ಮೆಕ್ಯಾನಿಕ್ ಹತ್ರ ನೋಡಿಸಿದ್ರೆ ಆಗೋದು. ಅಷ್ಟಕ್ಕೂ ಯಾರು ಮುರಿದಿದ್ದು?"

"ನಮ್ಮ ಮಾವ. ಮುನಿರಾಮಯ್ಯ ಅಂತ, ಬಸ್ ಡ್ರೈವರ್ ಆಗಿದ್ರು."

ಬೇಗಂ ನಕ್ಕರು. "ಡ್ರೈವರ್ ಮುನಿರಾಮಣ್ಣನಾ? ನಮ್ಮ ಯಜಮಾನರಿಗೆ ನಟ್ಟು ಬಿಗಿ ಮಾಡೋದು ಹೇಳಿಕೊಟ್ಟವರೇ ಅವರು. ಬರೀ ಕೈ ಅಂದಾಜಲ್ಲಿ ಬಿಗಿ ಮಾಡಿ ಇಷ್ಟು ಅನ್ನೋರು, ಮೀಟರ್ ಇಟ್ರೆ ಅಷ್ಟೇ ತೋರಿಸೋದು. ಆ ಕೈಯಲ್ಲಿ ಸ್ಟಡ್ಡು ಮುರಿಯಲ್ಲ ಭಯ್ಯಾ. ಬೇಕು ಅಂತಲೇ ಮುರಿದ್ರೆ ಆ ಮಾತು ಬೇರೆ."

ಮನೋಹರ ಫೋನು ಕಿವಿಯಿಂದ ತೆಗೆಯದೆ ಹಾಗೇ ನಿಂತ. ಟೈರು, ಬ್ಯಾಟರಿ, ತುಕ್ಕು ಹಿಡಿದ ರಿಮ್ಮು, ಬೆಳಗಿನ ಆ ಮೌನ, ಕಾಫಿ, ಎಲೆ ಅಡಿಕೆ, ಹದಿನೈದು ನಟ್ಟಿಗಿಲ್ಲದ ಪೈಪು ಹದಿನಾರನೆಯದಕ್ಕೆ ಬಂದದ್ದು, ಎಲ್ಲವೂ ಸಾಲಾಗಿ ಬಂದು ಕಣ್ಣಮುಂದೆ ನಿಂತವು. ಸಿಟ್ಟು ನೆತ್ತಿಗೇರಿತು. ಇವತ್ತು ಬೀದಿಯೆದುರೇ ಕೇಳಿಬಿಡುತ್ತೇನೆ ಎಂದುಕೊಂಡು ದಾಪುಗಾಲು ಹಾಕುತ್ತ ಬಂದ.

ಮುನಿರಾಮಯ್ಯ ಜಗಲಿಯ ಮೇಲೆ ಕೂತಿದ್ದರು. ಮಗು ಅವರ ಹೆಗಲಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿತ್ತು, ಪುಟ್ಟ ಮುಷ್ಟಿಯಲ್ಲಿ ಅವರ ಬನಿಯನ್ನಿನ ಅಂಚು ಸಿಕ್ಕಿಕೊಂಡಿತ್ತು. ಬಸ್ಸಿನ ಸ್ಟಿಯರಿಂಗು ಹಿಡಿದು ಗಂಟುಗಟ್ಟಿದ ಅಂಗೈಯನ್ನು ಮುದುಕ ಅದರ ಬೆನ್ನಿನ ಮೇಲೆ ಇಟ್ಟಿದ್ದರು, ಇಟ್ಟದ್ದು ಅದಕ್ಕೆ ಗೊತ್ತಾಗಬಾರದು ಎನ್ನುವಷ್ಟು ಹಗುರವಾಗಿ. ಅವರು ಅಳಿಯನ ಮುಖ ನೋಡಲಿಲ್ಲ. ನೋಡದಿದ್ದುದರಿಂದಲೇ ಅಳಿಯನಿಗೆ ಎಲ್ಲ ಖಾತ್ರಿಯಾಯಿತು. ಐದು ತಿಂಗಳು ಮಗಳಿಲ್ಲದೆ ಇರುವುದು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕೇಳಬೇಕೆಂದು ಬಂದದ್ದನ್ನು ಬಿಟ್ಟು, ಫೋನನ್ನು ಜೇಬಿಗಿಟ್ಟು ಜಗಲಿಯ ಅಂಚಿನಲ್ಲಿ ಕೂತ.

ಒಳಗೆ ಗೋಡೆ ಗಡಿಯಾರ ಒಂದು ಸಲ ಹೊಡೆಯಿತು. ನಾಲ್ಕೂವರೆ.

ಕೆಂಚಮ್ಮ ಕರ್ಪೂರ ಆರಿಸಿದರು. ಅಮೂಲ್ಯ ಡಿಕ್ಕಿಯಿಂದ ಬ್ಯಾಗುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಖಾಲಿಯಾದ ಜಾಗದಲ್ಲಿ ಅತ್ತೆ ಎರಡು ಹಲಸಿನಹಣ್ಣು ತಂದಿಟ್ಟರು. "ಹೆಂಗೂ ಸುಮ್ನೆ ಓಡುಸ್ಕೊಂಡ್ ಹೋಯ್ತೀರಲ್ಲ, ಸಾತನೂರಲ್ಲಿ ನಮ್ಮಕ್ಕನ ಮನೇಗೆ ಒಸಿ ಕೊಟ್ಬುಡಿ," ಎಂದರು.

ಮನೋಹರ ಕಾರಿನಲ್ಲಿ ಕೂತ. ಮುನಿರಾಮಯ್ಯ ಮಗುವನ್ನು ಹೊತ್ತೇ ಕಿಟಕಿಯ ಬಳಿ ಬಂದು ಬಗ್ಗಿದರು.

"ಬೇಜಾರ್ ಮಾಡ್ಕೋಬ್ಯಾಡಿ. ಶ್ರಾವಣದಲ್ಲಿ ನಾನೇ ನಿಂತು ಕಳುಸ್ತೀನಿ. ಅಷ್ಟ್ರಲ್ಲಿ ಆ ಹಾರನ್ ಒಸಿ ನೋಡುಸ್ಬುಡಿ, ಸೌಂಡು ಕಮ್ಮಿ ಅನ್ನುಸ್ತೈತೆ."

ಮನೋಹರ ದಿನವಿಡೀ ಒಳಗಿಟ್ಟುಕೊಂಡಿದ್ದ ಸಂಕಟವನ್ನೆಲ್ಲ ಹೆಬ್ಬೆರಳಿಗೆ ತಂದು ಹಾರನ್ನು ಒತ್ತಿ ಹಿಡಿದ. ಎದುರಿನ ಗ್ಯಾರೇಜಿನಲ್ಲಿ ಬಸವಯ್ಯನ ಕೈಯಿಂದ ಸುತ್ತಿಗೆ ಬಿತ್ತು, ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಅಜ್ಜನ ಹೆಗಲ ಮೇಲಿನ ಮಗು ಒಮ್ಮೆ ತುಟಿ ಚಪ್ಪರಿಸಿ ನಿದ್ದೆ ಮುಂದುವರಿಸಿತು.

"ನೋಡಿದ್ರಾ," ಎಂದರು ಮುನಿರಾಮಯ್ಯ, "ಕೂಸಿಗೆ ಎಚ್ಚರಾನೇ ಆಗ್ಲಿಲ್ಲ."